ಅವ್ವನ ತೂಕದ ಅದಿರು

ಹೊಸಪೇಟೆ ಕಡೆಯಿಂದ ಬರುವ ಅದಿರಿನ ಗಾಡಿಗೆ
ಬಾಲದಲ್ಲಿ ಎರಡೇ ಮಂದಿಯ ಡಬ್ಬಿ.
ಮುಂದೆ ನಲವತ್ತು ಖಾಲಿ ವ್ಯಾಗನ್ನುಗಳ ಗಡಗಡ,
ಹಿಂದೆ ನಾವು: ಅವ್ವ, ನಾನು, ಬುತ್ತಿಯ ಗಂಟು,
ಯಾರದೋ ಒಂದು ಆಡು.
ಆಡಿಗೂ ಟಿಕೆಟ್ ಇತ್ತು. ನನಗಿರಲಿಲ್ಲ;
ಟಿ.ಸಿ. ಕೇಳಿದಾಗಲೆಲ್ಲ ನನಗೆ ನಾಲ್ಕೂವರೆ ವರ್ಷ.

ಹನ್ನೆರಡು ವರ್ಷದಿಂದ ಅಪ್ಪ ಗುಡ್ಡಕ್ಕೆ ಹೋಗುತ್ತಾನೆ,
ಶನಿವಾರ ಕೆಂಪಗೆ ಮರಳುತ್ತಾನೆ.
ಮೇಲೇನೈತಿ? ಎಂದರೆ, ಗಾಳಿ, ಎನ್ನುತ್ತಾನೆ.
ಮತ್ತೆ? ಎಂದರೆ ಮಲಗಿಬಿಡುತ್ತಾನೆ.
ರೊಟ್ಟಿ ಬಡಿಯುವಾಗ ಕಿಂಡಿಯಲ್ಲಿ ದಿನಾ ಕಾಣುವ
ಆ ನೀಲಿ ನೆತ್ತಿಯ ಮೇಲೆ
ಬರೀ ಗಾಳಿ ಇರಲಿಕ್ಕಿಲ್ಲ ಎಂದು ಅವ್ವನ ಅನುಮಾನ.

ಸಂಡೂರಿನಲ್ಲಿ ಇಳಿದೆವು. ಅಪ್ಪ ಗಾದಿಲಿಂಗಪ್ಪ,
ಬಕೆಟ್ ಲೈನಿನ ಗಾಲಿಗಳಿಗೆ ಗ್ರೀಸ್ ಹಚ್ಚುವವ,
ಒಗೆದ ಲುಂಗಿಯುಟ್ಟು ಕಾದಿದ್ದ, ಕದ್ದವನ ಹಾಗೆ.
ಭಾನುವಾರ. ಸಾಹೇಬರು ಬಳ್ಳಾರಿಗೆ ಹೋಗಿದ್ದರು.

ಬುಡದಿಂದ ತುದಿಗೆ ಉಕ್ಕಿನ ಹಗ್ಗ,
ಹಗ್ಗಕ್ಕೆ ಜೋತ ಬಕೆಟ್ಟುಗಳು,
ಕೂಸಿಲ್ಲದ ತೊಟ್ಟಿಲುಗಳ ಸಾಲು.
ಇಂಜಿನ್ ಇಲ್ಲ. ಲೆಕ್ಕ ಇಷ್ಟೇ:
ಮೇಲೆ ತುಂಬಿದ್ದು ಇಳಿಯಬೇಕು,
ಆ ಭಾರಕ್ಕೆ ಕೆಳಗಿನ ಖಾಲಿಯದು ಏರಬೇಕು.

ಅಪ್ಪ ಫೋನಿನ ಹಿಡಿ ತಿರುವಿದ.
ತುದಿಯಿಂದ ಬ್ರೇಕಿನ ಖಾಜಾಹುಸೇನ ಕೇಳಿದನಂತೆ:
"ಅತ್ತಿಗೆವ್ವನ ತೂಕ ಎಷ್ಟು?"
ಅಪ್ಪ ಅವ್ವನನ್ನು ನೋಡಿದ.
ಮದುವೆಯಾದಮೇಲೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.
"ಅರ್ಧ ಚೀಲ ಜೋಳ," ಎಂದ. ಆಮೇಲೆ,
"ಬುತ್ತಿ ಬೇರೆ."

ದೇವರನ್ನು ತುಳಸಿದಳ ತೂಗಿತು ಎನ್ನುತ್ತಾರೆ.
ನಮ್ಮವ್ವ ಸುಂಕಮ್ಮನ ತುಲಾಭಾರಕ್ಕೆ
ಮೇಲೆ ಸಲಿಕೆಯಿಂದ ಅದಿರು ಬಿತ್ತು,
ಒಂದು, ಎರಡು, ಹದಿನಾರು.
ಖಾಜಾ ಬ್ರೇಕು ಸಡಿಲಿಸಿದ.
ಅವ್ವ ನೆಲ ಬಿಟ್ಟಳು.

ನಾನು ಕೆಳಗೇ, ಅಪ್ಪನ ಲುಂಗಿ ಹಿಡಿದು.
ಬಕೆಟ್ಟಿನ ಅಂಚಿಗೆ ಎರಡು ಕೈ, ಹಸಿರು ಬಳೆ,
ಆಮೇಲೆ ಬರೀ ಸೆರಗಿನ ತುದಿ,
ಆಮೇಲೆ ಒಂದು ಹುಳ.
ನಡುದಾರಿಯಲ್ಲಿ ಅವಳಷ್ಟೇ ತೂಕದ ಕೆಂಪು ಗುಡ್ಡೆ
ಎದುರಿಗೆ ಇಳಿದು ಬಂತು.
ಅದು ಇವಳನ್ನು ದಾಟಿತು, ಇವಳು ಅದನ್ನು.
ಇಬ್ಬರೂ ಸ್ವಲ್ಪ ತೂಗಾಡಿದರು.

ಸಂಜೆ ಇಳಿದಾಗ ಕಣ್ಣ ರೆಪ್ಪೆ ಸಹಿತ ಕೆಂಪು.
ಏನಿತ್ತವ್ವಾ? ಹೇಳಲಿಲ್ಲ.
ತಿರುಗಿ ಬರುವಾಗ ಗಾಡಿಯಲ್ಲಿ, ಕತ್ತಲಾದಮೇಲೆ,
"ನಾಟಕದ ಪರದೆ ನೋಡೀಯಲ್ಲ? ಮುಂದ ಗುಡ್ಡ ಬರದಿರ್ತಾರ.
ಹಿಂದ ಹೋದರ ಬಿದಿರು, ಹಗ್ಗ, ಬೀಡಿ ಸೇದೋ ರಾಜ.
ಹಂಗೈತಿ. ನಮ್ಮ ಕಡೆ ಮುಖ ಉಳಿಸ್ಯಾರ.
ಬೆನ್ನು ಇಲ್ಲ."
ತುಸು ತಡೆದು,
"ಡ್ಯಾಮಿನ ನೀರು ಕಂಡಿತು, ಒಣಹಾಕಿದ ಧೋತ್ರದಂಗ.
ಗಾಳಿ ಖರೇನ.
ಖಾಜಾ ಚಹಾ ಮಾಡಿದ್ದ, ಹಾಲಿಲ್ಲದ್ದು."

ಮುಂದಿನ ಶನಿವಾರ ಅಪ್ಪ ಬಂದಾಗ
ಅವಳು ಏನೂ ಕೇಳಲಿಲ್ಲ.
ನೀರು ಕಾಸಿ, ಕಲ್ಲಿನ ಮೇಲೆ ಕೂರಿಸಿ
ಬೆನ್ನು ತಿಕ್ಕಿದಳು.
ಬಚ್ಚಲಿನ ನೀರು ಬೆಳ್ಳಗಾಗುವವರೆಗೂ ತಿಕ್ಕಿದಳು.

ಈಗ ಹಗ್ಗ ಗುಜರಿಗೆ ಹೋಗಿದೆ. ಕಂಬಗಳ ಮೇಲೆ ಕಾಗೆ.
ಒಂದು ಬಕೆಟ್ಟು ನಮ್ಮ ಹಿತ್ತಲಲ್ಲಿದೆ, ಎಮ್ಮೆಯ ನೀರಿಗೆ.
ಮೊನ್ನೆ ನನ್ನ ಮಗಳು ಪೇಪರು ಓದಿ ಹೇಳುತ್ತಿದ್ದಳು:
ಯಾವುದೋ ದೇಶದಲ್ಲಿ ಗಾಜಿನ ಡಬ್ಬಿಯಲ್ಲಿ ಕೂತು
ಬೆಟ್ಟದ ತುದಿಗೆ ಹೋಗಿ, ಕಾಫಿ ಕುಡಿದು,
ಫೋಟೋ ತೆಗೆದುಕೊಂಡು, ಊಟದ ಹೊತ್ತಿಗೆ ವಾಪಸ್ಸಂತೆ.
ಅವ್ವ ಅಡಿಕೆ ಕತ್ತರಿಸುವುದು ನಿಲ್ಲಿಸಿದಳು.
"ಹೌದೇನು," ಎಂದಳು,
"ಅವರು ಏರುವಾಗ
ಆ ಕಡೆಯಿಂದ ಏನನ್ನ ಇಳಿಸ್ತಾರ?"